ದಪ್ಪ ಪಟ್ಟೆಯ ಬಾಜಿ

ಅಕ್ಕಾ,
ನಿನ್ನ ಮಗಳು ಕೆಲಸ ಮಾಡುವ ಈ ಪ್ರಯೋಗಾಲಯ ಈಗ ನನ್ನನ್ನು ಕೇಳದೆ ಒಂದು ಹೆಜ್ಜೆಯನ್ನೂ ಇಡುವುದಿಲ್ಲ. ಆದರೆ ಅವಳ ಬಾಯಲ್ಲಿ ಮೂರು ಹೊತ್ತೂ ಜೊತೆ ಕೆಲಸದ ಕನ್ನಡಕದವನ ಜಪ; ಹೆಗಲ ಮೇಲೆ ಹೊತ್ತು ತಿರುಗಿದ ಸೋದರಮಾವ ಲೆಕ್ಕಕ್ಕಿಲ್ಲ. ನಿನ್ನೆ ಪ್ರೋಟೀನ್ ಅಳೆಯುವ ಹಾಳೆಯಲ್ಲಿ ಎರಡು ಸ್ಯಾಂಪಲ್ಲಿಗೆ ಅಕ್ಕಪಕ್ಕ ಎರಡು ಕಪ್ಪು ಪಟ್ಟೆ ಮೂಡಿದವು, ಒಂದು ದಪ್ಪ, ಒಂದು ತೆಳು. ಅವನ ಸೊಕ್ಕು ಮುರಿಯಲೆಂದು, ದಪ್ಪ ಪಟ್ಟೆಯ ಕಡೆಯೇ ಪ್ರೋಟೀನ್ ಹೆಚ್ಚು ಎಂದು ಬಾಜಿ ಕಟ್ಟಿದೆ.

ಕನ್ನಡಕದವನು ಹಾಳೆಗೆ ಬೆರಳಿಟ್ಟ: "ಕೆಳಗೆ ಇನ್ನೊಂದು ಪ್ರೋಟೀನಿನ ಪಟ್ಟೆ ನೋಡಿ ಮಾವ. ಅದು ಎರಡೂ ಕಡೆ ಸಮ ಇರ್ಬೇಕು. ಅದೂ ಇಲ್ಲಿ ಅಷ್ಟೇ ದಪ್ಪ ಅಂದ್ರೆ, ಈ ಕಡೆ ಸ್ಯಾಂಪಲ್ಲೇ ಜಾಸ್ತಿ ಬಿದ್ದಿದೆ!"

ಇವಳು ಚಪ್ಪಾಳೆ ತಟ್ಟಿದಳು, ಅವನಿಗೆ! ನನ್ನನ್ನು ಮಾವ ಎನ್ನಲು ಅವನ್ಯಾರು, ಮಗಳನ್ನೇ ವಿಚಾರಿಸು.

ನಾನು ಚಿಕಿತ್ಸೆಗೆಂದು ಇಲ್ಲಿಗೆ ಬಂದ ಮಂಡಿನೋವು ವಾಸಿ. ವಾಪಸು ಬರಲು ರೈಲಿನ ದುಡ್ಡು ಕಳಿಸು. ಬಾಜಿಯಲ್ಲಿ ನೂರು ರೂಪಾಯಿ ಹೋಯಿತು ಎಂದು ಭಾವನಿಗೆ ಹೇಳು. ಹೋದದ್ದು ಎರಡು ಸಾವಿರ.
ನಿನ್ನ ತಮ್ಮ