ಅಂಗಡಿ ಗಾಜಿನ ಮೇಲಿನ ನೀಲಿ ಕಾಗದ

ರೆಡ್ಕಾರ್
ನವೆಂಬರ್ ಹದಿನಾಲ್ಕು, ರಾತ್ರಿ ಎರಡು ದಾಟಿದೆ

ಪ್ರೀತಿಯ ಅಮ್ಮಾ,

ಗಾಜಿಗೆ ಗಾಜು ತಾಗುವ ಸದ್ದಿಗೆ ಎಚ್ಚರವಾಯಿತು. ಮೊದಲು ನೆಲ್ ತೊಟ್ಟಿಲಿನಲ್ಲಿ ಹಾಲಿನ ಬಾಟಲಿ ಬಡಿಯುತ್ತಿದ್ದಾಳೆ ಅಂದುಕೊಂಡೆ. ಮಗು ನಿದ್ದೆಯಲ್ಲಿತ್ತು. ಸದ್ದು ನೆಲದ ಹಲಗೆಯ ಕೆಳಗಿನಿಂದ, ಅಂಗಡಿಯಿಂದ ಬರುತ್ತಿತ್ತು. ಅದು ಇನ್ನೂ ನಿಂತಿಲ್ಲ. ಆದರೆ ಮೊದಲು ನಿನ್ನ ಸಮಾಚಾರ ಹೇಳು. ಮಂಡಿನೋವು ಹೇಗಿದೆ? ಹಿಲ್ಡಾ ಚಿಕ್ಕಮ್ಮನ ಸೊಂಟ ಕೂಡಿಕೊಂಡಿತೇ, ಇಲ್ಲಾ ಈಗಲೂ ಮಂಚದ ಮೇಲಿಂದಲೇ ನಿನ್ನನ್ನು ಓಡಾಡಿಸುತ್ತಿದ್ದಾಳಾ? ಅವಳ ಸೇವೆ ಮಾಡಿ ಮಾಡಿ ನೀನು ಹಾಸಿಗೆ ಹಿಡಿಯಬೇಡ. ನೆಲ್‌ಗೆ ಕೆಳಗಡೆ ಎರಡು ಹಲ್ಲು ಬಂದಿವೆ. ನಿನ್ನ ಅಳಿಯ ಗ್ಯಾರೆತ್ ಸಮುದ್ರದ ಮೇಲೆ, ಕರೆಂಟಿನ ಗಾಳಿಯಂತ್ರ ನಿಲ್ಲಿಸುವ ಹಡಗಿನಲ್ಲೇ ಇದ್ದಾನೆ. ಗಾಳಿ ಜೋರಾದರೆ ಅವನ ಫೋನೂ ಸಿಗುವುದಿಲ್ಲ.

ಕೆಳಗಿನ ಸೆಲ್ವನಾಯಗಂ ತನ್ನ ಅಂಗಡಿಯ ಗಾಜಿಗೆ ನೀಲಿ ಕಾಗದ ಅಂಟಿಸಿದ್ದನ್ನು ಹೇಳಿದ್ದೆನಲ್ಲ, ಮದ್ಯ ಮಾರಲು ನಗರಸಭೆಗೆ ಅರ್ಜಿ ಹಾಕಿದ್ದೇನೆ, ತಕರಾರಿದ್ದವರು ಬರೆಯಿರಿ ಅಂತ. ಬೀದಿಯವರೆಲ್ಲ ನಮ್ಮ ಮೆಟ್ಟಿಲ ಮೇಲೆ ನಿಂತು ಬೈದದ್ದೇ ಬೈದದ್ದು. ಮಾವಿಸ್ ಅಂತೂ, "ನೀನು ಕಾಲೇಜು ಓದಿದೋಳು, ನೀನು ಬರಿಯೇ, ಹಿಂದೆ ನಾವೆಲ್ಲ ಇದ್ದೀವಿ" ಅಂದಳು. ಬರೆದವರಿಗೆ ಮಾತ್ರ ವಿಚಾರಣೆಯಲ್ಲಿ ಬಾಯಿ ತೆರೆಯುವ ಹಕ್ಕು ಎಂದು ಯಾರಿಗೆ ಗೊತ್ತಿತ್ತು? ಬರೆದವಳು ನಾನೊಬ್ಬಳೇ. ಮಾವಿಸ್ ಟೋಪಿ ಹಾಕಿಕೊಂಡು ಬಂದು, ಹಿಂದಿನ ಸಾಲಿನಲ್ಲಿ ಮೂಕಿಯಂತೆ ಕೂತು, ಬಿಸ್ಕತ್ತು ತಿಂದು ಎದ್ದುಹೋದಳು.

ನಿನ್ನೆ ಬೆಳಿಗ್ಗೆ ನಡೆದದ್ದು ಅದು. ಮೂವರು ಸದಸ್ಯರು, ನೀರಿನ ಹೂಜಿ, ತೊಡೆಯ ಮೇಲೆ ಕಿರುಚುವ ನೆಲ್. ನಮ್ಮ ಮನೆಯವರೊಬ್ಬರು ಕುಡಿತ ಬಿಟ್ಟವರು, ಈ ಬೀದಿಯಲ್ಲಿ ಬಾಟಲಿ ಕಾಣದೆ ಹಾಲು ಕೊಳ್ಳಲು ಇರುವುದು ಇದೊಂದೇ ಅಂಗಡಿ ಎಂದೆ. ಯಾರು ಎಂದು ಕೇಳಿದರು. ನನ್ನ ಅಮ್ಮ ಎಂದೆ. ಅಧ್ಯಕ್ಷೆ ಕನ್ನಡಕ ತೆಗೆದು, ನಿಜವಾಗಿಯೂ ಮರುಗಿಯೇ ಹೇಳಿದಳು: "ಕಂದಾ, ನಿನ್ನ ಸಂಕಟ ಅರ್ಥ ಆಗತ್ತೆ. ಆದ್ರೆ ಒಬ್ಬರ ಆರೋಗ್ಯ ನೋಡಿ ತೀರ್ಮಾನ ಮಾಡೋ ಹಾಗಿಲ್ಲ ನಾವು. ಕಳ್ಳತನ, ಗಲಾಟೆ, ಅಪಾಯ, ಮಕ್ಕಳಿಗೆ ಕೇಡು, ಇದರಲ್ಲಿ ಏನಾದ್ರೂ ಇದ್ರೆ ಹೇಳು." ಒಡೆದ ಗಾಜು, ಮಗುವಿನ ಗಾಡಿ ಅಂತ ಏನೇನೋ ತೊದಲಿದೆ. ಕ್ಯಾಮೆರಾ ಹಾಕಬೇಕು, ಎಳೆಯ ಮುಖ ಕಂಡರೆ ವಯಸ್ಸು ಕೇಳಬೇಕು, ಬಿಯರ್ ಡಬ್ಬಿ ಬಿಡಿಯಾಗಿ ಮಾರಬಾರದು ಎಂದು ಷರತ್ತು ಹಾಕಿ ಪರವಾನಗಿ ಕೊಟ್ಟುಬಿಟ್ಟರು. ಬಿಡಿಯಾಗಿ ಬೇಡ, ಕಟ್ಟಾಗಿ ಕೊಳ್ಳಲಿ! ನಗು ಬರಬೇಕಿತ್ತು, ಬರಲಿಲ್ಲ.

ಅವನನ್ನು ಬೈಯಲೂ ಮನಸ್ಸು ಒಪ್ಪುವುದಿಲ್ಲ. ಸೆಲ್ವನಾಯಗಂ ಎನ್ನಲು ನಾಲಿಗೆ ಹೊರಳದ ಬೀದಿ ಅವನನ್ನು ಸೆಲ್ವಿನ್ ಮಾಡಿ ಇಪ್ಪತ್ತು ವರ್ಷವಾಯಿತು. ಅದಕ್ಕೂ ಮುನಿಯದ ಮನುಷ್ಯ. ಸಂಜೆ ಮೆಟ್ಟಿಲು ಹತ್ತಿ ಬಂದ. "ತಂಗೀ, ಮನಸ್ಸಲ್ಲಿ ಏನೂ ಇಟ್ಕೋಬೇಡ. ಹಾಲು ಬ್ರೆಡ್ಡು ಮಾರಿ ಕರೆಂಟಿನ ಬಿಲ್ಲೂ ಹುಟ್ಟಲ್ಲ. ನಿನ್ನ ಮಾತು ನೀನು ಹೇಳಿದೆ, ನನ್ನ ಮಾತು ನಾನು ಹೇಳಿದೆ. ಮೇಲೆ ಕೆಳಗೆ ಇರೋರಿಗೆ ಜಗಳ ಯಾಕೆ?" ಎಂದು ತೆಳು ಕಾಗದದಲ್ಲಿ ಸುತ್ತಿದ ಉಡುಗೊರೆ ಕೈಗಿತ್ತ. ನಮ್ಮ ಜನ ನಿನಗೆ ಗೊತ್ತಲ್ಲ, ಬಾಗಿಲಿಗೆ ಬಂದದ್ದನ್ನು ಬೇಡ ಎನ್ನುವುದಕ್ಕಿಂತ ಬಾಗಿಲ ಸಂದಿಗೆ ಬೆರಳು ಕೊಟ್ಟಾರು. "ಅಯ್ಯೋ, ಇದೆಲ್ಲ ಯಾಕೆ, ಎಷ್ಟು ಒಳ್ಳೆಯವರಪ್ಪ ನೀವು" ಎಂದು ನಾನೂ ತೆಗೆದುಕೊಂಡೆ.

ಈಗ ಅವನು ಕೆಳಗೆ ಬಾಟಲಿ ಜೋಡಿಸುತ್ತಿದ್ದಾನೆ. ಬೆಳಿಗ್ಗೆಯಿಂದ ಮಾರಾಟ. ನಾಳೆ ಸಂಜೆ ನೀನು ಬರುತ್ತೀಯ. ಬಸ್ಸಿಳಿದವಳು ಮೊದಲು ಹಾಲಿಗೆಂದು ಅಲ್ಲಿಗೇ ನುಗ್ಗುತ್ತೀಯ. ಕುಡಿತ ಬಿಟ್ಟ ಒಂಬತ್ತು ವರ್ಷವೂ, ಬಾಟಲಿ ಸಾಲಿಟ್ಟಿರುತ್ತಾರೆಂದು ಸೂಪರ್ ಮಾರ್ಕೆಟ್ಟಿನ ದಾರಿ ತುಳಿಯದೆ ಕಳೆದವಳು ನೀನು. ಚರ್ಚಿನ ಹತ್ತಿರವೇ ಇಳಿ, ನಾನು ಗಾಡಿಯೊಂದಿಗೆ ನಿಂತಿರುತ್ತೇನೆ. ಹಾಲು ಮನೆಯಲ್ಲಿದೆ. "ನನಗೆ ಕಾವಲು ಕೂರಬೇಡ್ವೇ, ಕಾವಲಿದ್ದಲ್ಲೇ ಕಳ್ಳಿ ಹುಟ್ಟೋದು" ಎನ್ನುತ್ತಿದ್ದೆ ನೀನು. ಬೈಯುವುದಿದ್ದರೆ ಬಂದು ಬೈ. ಆ ಒಂಬತ್ತು ವರ್ಷದ ರಾತ್ರಿಗಳನ್ನು ಹೇಗೆ ದಾಟಿದೆ ಅಮ್ಮಾ? ಕೈಯನ್ನು ಎಲ್ಲಿಟ್ಟುಕೊಳ್ಳುತ್ತಿದ್ದೆ? ನಾನು ಯಾವತ್ತೂ ಕೇಳಲೇ ಇಲ್ಲ.

ನಿನ್ನ ಮೊಬೈಲು ಎಂದಿನಂತೆ ಬಂದ್ ಆಗಿದೆ. ಚಿಕ್ಕಮ್ಮ ರಾತ್ರಿ ಫೋನಿನ ವೈರು ಕಿತ್ತಿಡುತ್ತಾಳೆ. ಪಕ್ಕದ ಮನೆಯ ಡಗ್ಗಿ ಇನ್ನು ಸ್ವಲ್ಪ ಹೊತ್ತಿಗೆ ಬ್ರೆಡ್ ವ್ಯಾನು ತೆಗೆಯುತ್ತಾನೆ, ನೀವಿರುವ ವಿಟ್ಬಿಗೇ ಅವನ ಮೊದಲ ಸುತ್ತು. ಈ ಪತ್ರ ಅವನ ಕೈಯಲ್ಲಿ ಕಳಿಸುತ್ತೇನೆ, ನೀನು ಏಳುವವರೆಗೆ ಬಾಗಿಲು ಬಡಿ ಎಂದು ಹೇಳುತ್ತೇನೆ. ಚಿಕ್ಕಮ್ಮ ಬೇಗ ಎದ್ದು ಓಡಾಡಲಿ. ನೆಲ್‌ಳ ಎರಡು ಹಲ್ಲಿನ ಮುತ್ತು ನಿನ್ನ ಕೆನ್ನೆಗೆ.

ನಿನ್ನ ಮಗಳು,
ರೋವೀನಾ

ತಾ.ಕ.: ಡಗ್ಗಿ ವ್ಯಾನಿನ ಬಾಗಿಲು ತೆರೆದ, ಬೇಗ ಬರೆಯುತ್ತೇನೆ. ಸೆಲ್ವನಾಯಗಂ ಆ ತೆಳು ಕಾಗದದಲ್ಲಿ ಸುತ್ತಿ ಕೊಟ್ಟದ್ದು ಕೆಂಪು ವೈನು, ಅವನ ಅಂಗಡಿಯ ಮೊದಲ ಬಾಟಲಿ. ವಿಚಾರಣೆಯಲ್ಲಿ ನಿನ್ನನ್ನು ಮುಂದೆ ಮಾಡಿದೆ ಅಮ್ಮಾ, ಹೆದರಿದ್ದು ನನಗಾಗಿ. ಬೇಸಿಗೆಯಲ್ಲಿ ಮಗು ಮಲಗಿದ ಮೇಲೆ ಗ್ಯಾರೆತ್ ಬಿಟ್ಟುಹೋದ ಬಾಟಲಿಯಿಂದ ನಿದ್ದೆಗೆಂದು ಒಂದು ಲೋಟ, ಆಮೇಲೆ ಮಧ್ಯಾಹ್ನವೇ ಒಂದು. ಹೇಗೋ ನಿಲ್ಲಿಸಿದ್ದೆ, ಮಗುವನ್ನು ಎತ್ತಿಕೊಂಡು ಮಳೆಯಲ್ಲಿ ಅಷ್ಟು ದೂರ ಹೋಗಿ ತರುವುದು ಆಗುತ್ತಿರಲಿಲ್ಲ, ಅಷ್ಟೇ. ಈಗ ಹದಿನಾಲ್ಕು ಮೆಟ್ಟಿಲು. ಗಾಳಿ ಎದ್ದಿದೆ, ಗ್ಯಾರೆತ್ ಸಿಗುತ್ತಿಲ್ಲ. ಬಾಟಲಿ ಅಡುಗೆಮನೆಯ ಮೇಜಿನ ಮೇಲಿದೆ, ತೆರೆದಿಲ್ಲ. ಸಿಂಕಿಗೆ ಸುರಿಯೋಣವೆಂದರೆ ಮುಚ್ಚಳ ತಿರುಗಿಸಬೇಕು, ತಿರುಗಿಸಿದರೆ ವಾಸನೆ ಬರುತ್ತದೆ. ಮೊದಲ ಗುಟುಕಿಗೆ ಮುಂಚೆ ಯಾರಿಗಾದರೂ ಫೋನು ಮಾಡಬೇಕು ಎನ್ನುತ್ತಿದ್ದವಳು ನೀನು. ನನಗಿರುವುದು ನೀನೊಬ್ಬಳೇ. ವೈರು ಸಿಕ್ಕಿಸು ಅಮ್ಮಾ. ಬೆಳಗಾಗುವುದರೊಳಗೆ ಫೋನು ಮಾಡು. ಮಗು ಎದ್ದರೂ ಏಳಲಿ, ಗಂಟೆ ಹೊಡೆಯುತ್ತಲೇ ಇರಲಿ, ನಾನು ಎತ್ತುವವರೆಗೆ ಇಡಬೇಡ.