ಸಾಹೇಬರು ಅಪ್ಪನ ಮೇಲೆ ಬರೆದ ಮಾತು

ಬಬ್ಬೂರು,
೯-೧೨-೧೯೭೪

ಪ್ರೀತಿಯ ಅಣ್ಣನಿಗೆ ತಂಗಿ ನಾಗಕ್ಕ ಮಾಡುವ ನಮಸ್ಕಾರ.

ನಿನ್ನ ಹಿಮ್ಮಡಿಯ ಒಡಕು ವಾಸಿಯಾಯಿತೇ? ಅವ್ವ ಕಳಿಸಿದ ಹರಳೆಣ್ಣೆಯನ್ನು ಕಾಲಿಗೆ ಹಚ್ಚುತ್ತೀಯೋ, ಕುರಿಗೇ ಹಚ್ಚಿ ಮುಗಿಸಿದೆಯೋ? ಭೀಮಸಮುದ್ರದಲ್ಲಿ ನೀನು ಮಂದೆ ನಿಲ್ಲಿಸಿರುವ ಕಡೆ ಚಳಿ ಜಾಸ್ತಿಯಂತೆ. ಕಂಬಳಿಯನ್ನು ಮರಿಗಳಿಗೆ ಹೊದಿಸಿ ನೀನು ನಡುಗುತ್ತಾ ಕೂರಬೇಡ. ಇದನ್ನು ನಿನಗೆ ಓದಿ ಹೇಳುವ ಅಂಗಡಿಯ ಶಿವಕುಮಾರಪ್ಪನವರಿಗೂ ನನ್ನ ನಮಸ್ಕಾರ.

ಇಲ್ಲಿ ನಾನೊಂದು ಘನಕಾರ್ಯ ಮಾಡಿ ಕೂತಿದ್ದೇನೆ. ಅಪ್ಪ ಕುರಿ ನೋಡಿಕೊಳ್ಳುವ ಫಾರಂಗೆ ಅಮೆರಿಕ ನೋಡಿ ಬಂದ ಹೊಸ ಸಾಹೇಬರು ಬಂದಿದ್ದಾರಲ್ಲ, ಅವರು ಅಪ್ಪನ ಹೆಸರಿನಲ್ಲಿ ಒಂದು ಹಾಳೆ ಬರೆದಿದ್ದರು. ಹೋದ ವಾರ ಅಪ್ಪನಿಗೆ ಬುತ್ತಿ ಕೊಡಲು ಹೋದಾಗ ಅಲ್ಲಿನ ಗುಮಾಸ್ತ ಉಗ್ರಪ್ಪನ ಮೇಜಿನ ಮೇಲೆ ಅದು ನನ್ನ ಕಣ್ಣಿಗೆ ಬಿತ್ತು. ಅಪ್ಪನ ಹೆಸರಿನ ಮುಂದೆಯೇ 'ಲೋಗಿ' ಎಂಬ ಇಂಗ್ಲಿಷ್ ಮಾತು. ನಮ್ಮ ಶಾಲೆಯ ನಿಘಂಟು ತೆಗೆದು ನೋಡಿದೆ. ಜಡವಾಗಿ, ಒಡ್ಡೊಡ್ಡಾಗಿ ನಡೆದಾಡುವ ಎಂದು ಅರ್ಥ. ಬಹುಶಃ ಡಚ್ಚರು ಭಾರವಾದದ್ದಕ್ಕೆ ಹೇಳುವ ಮಾತಿನಿಂದ ಬಂದದ್ದು ಎಂದು ಕೆಳಗೆ ಬರೆದಿತ್ತು. ಮಿಕ್ಕದ್ದನ್ನು ಓದದೆ ನಾನು ಮೊದಲ ಸಾಲಿಗೇ ಉರಿದುಬಿದ್ದೆ. ನಲವತ್ತು ವರ್ಷ ಕುರಿಯ ಹಿಂದೆ ನಡೆದವನು ಸೋಮಾರಿಯೇ? ಸಾಹೇಬರ ಎದುರು ನಿಂತು ಇಡೀ ಆಫೀಸು ಕೇಳುವಂತೆ ಜಾಡಿಸಿದೆ. ಅವರು ಏನೋ ಹೇಳಲು ಬಾಯಿ ತೆರೆದರು, ನಾನು ಬಿಡಲಿಲ್ಲ. ಕೊನೆಗೆ ಹಾಳೆ ಹರಿದುಹಾಕಿದರು. ಗೆದ್ದೆ ಎಂದುಕೊಂಡು ಮನೆಗೆ ಬಂದೆ.

ಅಪ್ಪ ಎಲ್ಲ ಕೇಳಿ, "ಭಾರ ಅಂತಾನಾ ಅದ್ರ ಅರ್ಥ? ಹಂಗಾರೆ ದಿಟಾನೇ ಬರ್ದವ್ರೆ ಕಣವ್ವ. ದೀಪಾವಳಿಯಿಂದ ಎಡಗಾಲು ನಂದೇ ಅಲ್ಲ ಅನ್ನಂಗೆ ಭಾರ ಐತೆ" ಅಂದ. ಸಂಜೆ ಹಟ್ಟಿಗೆ ಬರುವಾಗ ಹಿಂದೆ ಉಳಿದ ಕುರಿಯನ್ನು ಅಪ್ಪ ಎಂದೂ ಹೊಡೆದವನಲ್ಲ. ಹಿಡಿದು ನಿಲ್ಲಿಸಿ, ಕಣ್ಣಿನ ರೆಪ್ಪೆ ಬಿಡಿಸಿ ನೋಡುತ್ತಾನೆ. "ಹಿಂದೆ ಬಿದ್ದ ಕುರಿಗೆ ಕೋಲಲ್ಲ, ಕೈ ಬೇಕು" ಅಂತ ನಿನಗೂ ಹೇಳಿಕೊಟ್ಟವನು ಅವನೇ ತಾನೆ. ಸಾಹೇಬರು ಮಾಡಿದ್ದೂ ಅದನ್ನೇ. ಕುರುಬರ ಮನೆಯವರಾದ ನಾವು ಮಾತ್ರ ಅಪ್ಪ ಕಾಲೆಳೆದುಕೊಂಡು ನಡೆಯುವುದನ್ನು ನೋಡಿ ವಯಸ್ಸಾಯಿತು ಎಂದು ನಕ್ಕೆವು. ಆ ಹಾಳೆ ಅಪ್ಪನನ್ನು ಚಿತ್ರದುರ್ಗದ ದೊಡ್ಡ ಡಾಕ್ಟರಿಗೆ ತೋರಿಸಲು ಬರೆದದ್ದು ಅಂತ ಉಗ್ರಪ್ಪ ನಿನ್ನೆ ಹೇಳಿದ. ಓಡಿಹೋದರೆ ಸಾಹೇಬರು ತಿಂಗಳ ರಜೆಯ ಮೇಲೆ ಊರಿಗೆ ಹೋಗಿದ್ದಾರೆ. ನಾವೇ ಹೋಗೋಣವೆಂದರೆ ಅಪ್ಪ ಬಗ್ಗುವುದಿಲ್ಲ, "ದೊಡ್ಡೋನು ಬರ್ಲಿ, ನೋಡಾಣ" ಅಂತ ನಿನ್ನ ದಾರಿಯನ್ನೇ ಕಾಯುತ್ತಾನೆ. ಅತ್ತೂ ನೋಡಿದೆ, ಬೈದೂ ನೋಡಿದೆ. ನನ್ನಿಂದ ಆಗುತ್ತಿಲ್ಲ ಅಣ್ಣಾ.

ಮಂದೆಯನ್ನು ಜೊತೆಯ ಕುರಿಗಾಹಿ ಯತ್ತಪ್ಪನಿಗೆ ಒಪ್ಪಿಸಿ ಬಂದುಬಿಡು. ಅವ್ವ ನಿನ್ನ ತಲೆ ಸವರಿದ್ದೇನೆಂದು ಬರೆಯಲು ಹೇಳಿದಳು.

ನಿನ್ನ ತಪ್ಪಿತಸ್ಥ ತಂಗಿ,
ನಾಗಕ್ಕ

ಮ. ವಿ.: ಶಿವಕುಮಾರಪ್ಪನವರೇ, ಈ ಕೊನೆಯ ಮಾತನ್ನು ಅಣ್ಣನಿಗೆ ಓದಿ ಹೇಳಬೇಡಿ. ರಾತ್ರಿ ಬರೆದಿಟ್ಟ ಕಾಗದ, ಅಂಚೆಗೆ ಹಾಕದೆ ಈಗ ಬಸ್ಸಿನ ಕರಿಯಣ್ಣನ ಕೈಲಿ ಕಳಿಸುತ್ತಿದ್ದೇನೆ. ಬೆಳಿಗ್ಗೆ ರುಮಾಲು ಸುತ್ತಲು ಹೋದಾಗ ಅಪ್ಪನ ಎಡಗೈ ಮೇಲೇಳಲಿಲ್ಲ, ಬಾಯಿ ಸೊಟ್ಟಗಾಯಿತು. ಚಿತ್ರದುರ್ಗದ ಆಸ್ಪತ್ರೆಗೆ ಹೊರಟಿದ್ದೇವೆ. ವಿಷಯ ತಿಳಿದರೆ ಅಣ್ಣ ಉಣ್ಣದೆ ನಡೆದೇ ಹೊರಟುಬಿಡುತ್ತಾನೆ. ಎರಡು ತುತ್ತು ಉಣ್ಣಿಸಿ, ಅಪ್ಪ ಕರೆಯುತ್ತಿದ್ದಾನೆ ಅಂತಷ್ಟೇ ಹೇಳಿ ಬಸ್ಸು ಹತ್ತಿಸಿ. ಕರೆಯಲು ಅಪ್ಪನಿಗೆ ಮಾತೇ ಬರುತ್ತಿಲ್ಲ.