ಅಮ್ಮನ ಪೆನ್ಸಿಲ್ ಗುರುತು

ಅಣ್ಣನಿಗೆ,

ಸಂಜೆ ಆರು ಗಂಟೆ. ಇವತ್ತು ಅಮ್ಮನ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಟ್ಟೆ. ಅವಳು ಹೋದ ಮೇಲೆ ಮೊದಲ ಸಲ ಅವಳ ಪುಸ್ತಕದ ಕಪಾಟು ಒರೆಸಿದೆ. "ಆ ರಾಜ-ರಾಣಿ ಪ್ರೇಮದ ಹಳೇ ಕಾದಂಬರಿಗಳೆಲ್ಲ ಬರೀ ಬೊಗಳೆ ಕಣೇ, ನಾಳೆ ಗುಜರಿಯವನು ಬರ್ತಾನೆ, ಕೊಟ್ಬಿಡು" ಎಂದು ನೀನು ಬೆಳಿಗ್ಗೆ ಫೋನಿನಲ್ಲಿ ಹೇಳಿದೆ. ನಾನು ಕೊಡುವುದಿಲ್ಲ.

ಬೊಗಳೆ ಎಂಬುದು ಅಮ್ಮನಿಗೂ ಗೊತ್ತಿತ್ತು. ರಾಜಕುಮಾರಿ ಮಾತೆತ್ತಿದರೆ ಮೂರ್ಛೆ ಹೋಗುತ್ತಾಳೆ, ಪಕ್ಕದಲ್ಲಿ ಅಮ್ಮನ ಪೆನ್ಸಿಲ್ ಬರಹ, "ಊಟ ಮಾಡಿಲ್ಲವೇನೋ." ರಾಣಿಯ ಮೇಲಂಗಿಯ ಗುಂಡಿ ಕಿತ್ತುಹೋದ ಕಡೆ, "ಆ ಕಾಲದಲ್ಲಿ ಗುಂಡಿ ಎಲ್ಲಿತ್ತು?" ಸೇನಾಪತಿ ಹುಡುಗಿಯನ್ನು ಕುದುರೆಯ ಮೇಲೆ ಎತ್ತಿಹಾಕಿಕೊಂಡು ಹೋದ ಕಡೆಯೆಲ್ಲ ಒಂದೇ ಮಾತು: "ಅವಳನ್ನು ಕೇಳಿದನೇ?"

ಆದರೂ ಓದಿದಳು. ದಿನವಿಡೀ ಊರವರ ಬಟ್ಟೆ ಹೊಲಿದವಳಿಗೆ, ಒಬ್ಬಳಿಗಾಗಿ ಒಬ್ಬ ಏಳು ಕೋಟೆ ದಾಟಿ ಬರುವ ಕಥೆ ಬೇಕಿತ್ತು. ಅಪ್ಪ ಅವಳಿಗಾಗಿ ರಸ್ತೆಯನ್ನೂ ದಾಟಿದವನಲ್ಲ, ನಿನಗೂ ಗೊತ್ತು.

ಕೊನೆಯ ಪುಸ್ತಕದಲ್ಲಿ ನೂರ ಹನ್ನೆರಡನೇ ಪುಟದಿಂದಾಚೆ ಗುರುತುಗಳಿಲ್ಲ. ಮುಂದಿನದನ್ನು ನಾನು ಓದುತ್ತೇನೆ. ಪೆನ್ಸಿಲ್ ಚೂಪು ಮಾಡಿಟ್ಟಿದ್ದೇನೆ.

ಈ ಪತ್ರದ ಫೋಟೋ ಈಗಲೇ ನಿನ್ನ ಫೋನಿಗೆ ಕಳಿಸುತ್ತೇನೆ; ಗುಜರಿಯವನಿಗೆ ಬರಬೇಡವೆಂದು ನೀನೇ ಹೇಳು. ಅವನನ್ನು ಕರೆಯುವ ಮೊದಲು ನೀನೂ ನನ್ನನ್ನು ಕೇಳಲಿಲ್ಲ.

ನಾಳೆ ನನಗೆ ರಜೆ. ಇಡೀ ದಿನ ಮನೆಯಲ್ಲೇ ಇರುತ್ತೇನೆ.

ನಿನ್ನ ತಂಗಿ